ದಾಸಪ್ಪನ ಅಟ್ಟೆ

ಪುಷ್ಯದ ಇಬ್ಬನಿ ಹತ್ತು ಗಂಟೆಯಾದರೂ ಕಣದ ಅಂಚಿನ ಹುಲ್ಲಿನಿಂದ ಆರಿರಲಿಲ್ಲ. ಚಿಕ್ಕಬೈರಪ್ಪ ಮೆದೆ ಬಿಚ್ಚಿ ರಾಗಿಯ ತೆನೆಹುಲ್ಲನ್ನು ಕಣದ ತುಂಬ ಹರಡಿ, ಎತ್ತುಗಳಿಗೆ ಕಲ್ಲುಗುಂಡು ಕಟ್ಟಿ ಸುತ್ತು ಹೊಡೆಸುತ್ತಿದ್ದ. ಗಾಳಿ ಬೀಸಿದಾಗ ಅವನ ಹೆಂಡತಿ ಭದ್ರಮ್ಮ ಮೊರ ಎತ್ತಿ ತೂರುವಳು. ಗಾಳಿ ನಿಂತಾಗ ಮೊರವನ್ನು ಸೊಂಟಕ್ಕೆ ಆನಿಸಿಕೊಂಡು, ಆಚೆ ಬದಿಯಲ್ಲಿ ಕವೆಗೋಲಿನಿಂದ ಹುಲ್ಲು ತಿರುವುತ್ತಿದ್ದ ಹುಡುಗಿಯ ಕಾಲು ನೋಡುವಳು. ಅಗಲವಾದ ಕಾಲು. ಹಿಮ್ಮಡಿ ಬಿರುಕು ಬಿಟ್ಟು, ಬಿರುಕಿನೊಳಗೆ ಕೆಮ್ಮಣ್ಣು ಕೂತಿತ್ತು. ಬೆರಳುಗಳು ಒಂದಕ್ಕೊಂದು ತಾಕದಷ್ಟು ಬಿಡಿಬಿಡಿ.

ಹುಡುಗಿಯ ಹೆಸರು ಮಾರಕ್ಕ. ಭದ್ರಮ್ಮನ ಅಳಿಯ ಲಕ್ಷ್ಮಣಪ್ಪ ಕಾರ್ತೀಕದಲ್ಲಿ ಎರಡನೆಯದಾಗಿ ಕಟ್ಟಿಕೊಂಡವಳು. ಮೊದಲನೆಯವಳು, ಭದ್ರಮ್ಮನ ಒಬ್ಬಳೇ ಮಗಳು ಅನುಸೂಯ, ಸತ್ತು ಏಳು ತಿಂಗಳಾಗಿತ್ತು. ಎರಡನೆಯವಳು ಬಂದ ಮೇಲೆ ತೀರಿಹೋದವಳ ತವರಿಗೆ ಒಂದು ಸಲ ಬರಬೇಕು, ಆ ತಾಯಿಯ ಕೈಯಿಂದ ಮಡಿಲಕ್ಕಿ ಸೀರೆ ತೆಗೆದುಕೊಂಡು ಆಕೆಯನ್ನು ಅವ್ವ ಎಂದು ಕರೆಯಬೇಕು ಎಂಬುದು ಅವರಲ್ಲಿ ನಡೆದುಕೊಂಡು ಬಂದದ್ದು. ಅಲ್ಲಿಂದಾಚೆಗೆ ಅವಳೇ ಆ ಮನೆಯ ಮಗಳು, ಸತ್ತವಳ ಮಕ್ಕಳು ಅವಳವು. ಮಡಿಲು ತುಂಬಿದ್ದು ನಿನ್ನೆ ಸಂಜೆ. ಇವತ್ತು ಮೂರು ಗಂಟೆಯ ಬಸ್ಸಿಗೆ ಗಂಡ ಹೆಂಡತಿ ಇಬ್ಬರೂ ಅನುಸೂಯಳ ಮಗು ಪುಟ್ಟಿಯನ್ನು ಬೇಗೂರಿಗೆ ಕರೆದುಕೊಂಡು ಹೋಗುವವರಿದ್ದರು. ಲಕ್ಷ್ಮಣಪ್ಪ ಪೀಣ್ಯದ ಕೆಲಸ ಬಿಟ್ಟು ತನ್ನೂರಿಗೆ ಹೋಗಿದ್ದ. ಅಲ್ಲಿಗೆ ಹತ್ತಿರ ಹೊಸದಾಗಿ ಎದ್ದಿದ್ದ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಭದ್ರಮ್ಮನ ಊರು ಲಗ್ಗೆರೆಗೂ ಬೇಗೂರಿಗೂ ನಡುವೆ ಇಡೀ ಬೆಂಗಳೂರೇ ಇತ್ತು.

ಭದ್ರಮ್ಮನ ಮನಸ್ಸಿನಲ್ಲಿದ್ದದ್ದು ಬೇರೆ. ಯುಗಾದಿವರೆಗಾದರೂ ಮಗು ಇಲ್ಲೇ ಇರಲಿ ಎಂದು ಕೇಳಬೇಕು. ಯುಗಾದಿ ಬಂದಾಗ ಮತ್ತೊಂದು ಹೇಳಿದರಾಯಿತು. ಆದರೆ ಬರಿದೇ ಕೇಳಿದರೆ ಅಳಿಯ ಒಪ್ಪುವವನಲ್ಲ. ಈ ಹುಡುಗಿಯಲ್ಲಿ ಒಂದು ಕೊರತೆ ಕಾಣಬೇಕಿತ್ತು. ನಿನ್ನೆಯಿಂದ ಹುಡುಕುತ್ತಿದ್ದಳು, ಸಿಕ್ಕಿರಲಿಲ್ಲ. ಮಾರಕ್ಕ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದಳು. ಬೆಳಿಗ್ಗೆ ಎದ್ದವಳೇ ಯಾರೂ ಕರೆಯದಿದ್ದರೂ ಕಣಕ್ಕೆ ಇಳಿದಿದ್ದಳು.

"ಮಾರಕ್ಕ, ಕೋಲು ಇಡು ಅತ್ಲಾಗೆ. ಬಾ, ನಿಂಗೊಂದು ಜೊತೆ ಮೆಟ್ಟು ತರಣ," ಎಂದಳು ಭದ್ರಮ್ಮ.

ಬೈರಪ್ಪ ಎತ್ತು ನಿಲ್ಲಿಸಿದ. "ಮೆಟ್ಟಾ? ಮಡಿಲು ತುಂಬಿ ಮೆಟ್ಟು ಕೊಡೋದು ಯಾವೂರ ಸಾಸ್ತ್ರನಮ್ಮಿ?"

"ಬೇಗೂರಿಂದ ಬರಿಗಾಲಲ್ಲಿ ಬಂದವ್ಳೆ."

"ನೀನು ಉಟ್ದಾಗಿಂದ್ಲೂ ಬರಿಗಾಲಲ್ಲೇ ಓಡಾಡ್ತಿಲ್ವಾ?"

"ನನ್ನ ಸುದ್ದಿ ಬುಡು. ಎಡಗಡೆ ಎತ್ತು ಬಾಲ ಎತ್ತೈತೆ ನೋಡ್ಕ, ರಾಗಿ ಮ್ಯಾಲೆ ಆಕ್ಬುಟ್ಟಾತು."

ಬೈರಪ್ಪ ಒಂದು ಹಿಡಿ ಹುಲ್ಲು ಕಿತ್ತುಕೊಂಡು ಎತ್ತಿನ ಹಿಂದಕ್ಕೆ ಓಡಿದ. ಭದ್ರಮ್ಮ ಹುಲ್ಲಿನ ಮೇಲೆ ಆಡುತ್ತಿದ್ದ ಮೊಮ್ಮಗಳನ್ನು ಸೊಂಟಕ್ಕೆ ಎತ್ತಿಕೊಂಡು ಹೊರಟಳು.

ಲಗ್ಗೆರೆಯಿಂದ ಪೀಣ್ಯದ ಕಡೆಗೆ ಹೋಗುವ ಹಾದಿ ಒಂದು ಕಾಲದಲ್ಲಿ ಹೊಲದ ಬದು. ಈಗ ಎಡಕ್ಕೆ ಶೀಟಿನ ಶೆಡ್ಡುಗಳು, ಬಲಕ್ಕೆ ಕೊಯ್ಲಾದ ರಾಗಿ ಕೂಳೆ, ನಡುವೆ ಲಾರಿಯ ಜಾಡು. ಲೇತು ಯಂತ್ರಗಳಿಂದ ಸುಲಿದು ಬಿದ್ದ ಕಬ್ಬಿಣದ ಸುರುಳಿಗಳನ್ನು ಶೆಡ್ಡಿನವರು ಬುಟ್ಟಿಗಟ್ಟಲೆ ತಂದು ಹಳ್ಳಕ್ಕೆ ಸುರಿಯುತ್ತಿದ್ದರು. ಬಿಸಿಲಿಗೆ ಅವು ನೀಲಿ, ತಾಮ್ರದ ಬಣ್ಣಕ್ಕೆ ತಿರುಗಿ ಹೊಳೆಯುತ್ತಿದ್ದವು. ಅಲ್ಲಿಗೆ ಬಂದಾಗ ಭದ್ರಮ್ಮ ಹಾದಿ ಬಿಟ್ಟು ಕೂಳೆಯೊಳಗೆ ಸುತ್ತಿ ನಡೆದಳು. ಮಾರಕ್ಕ ಕೇಳದೆ ಅವಳ ಹಿಂದೆಯೇ ಸುತ್ತಿದಳು.

"ಮಗ ನಡುರಾತ್ರೀಲಿ ಎದ್ರೆ ಏನ್ ಮಾಡ್ತೀಯಾ?"

"ನೀವು ಎಂಗೆ ಯೇಳ್ತೀರೋ ಅಂಗೆ."

"ಅಳ ನಿಲ್ಲಿಸ್ದಿದ್ರೆ?"

"ಎತ್ಕಂಡು ಓಡಾಡ್ತೀನಿ." ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ, "ಕೊಡಿ, ಈಗ್ಲೂ ಎತ್ಕತೀನಿ. ನಿಮ್ಗೆ ಬಾರ," ಎಂದಳು.

ಕೈ ಚಾಚಿದ ಕೂಡಲೇ ಪುಟ್ಟಿ ಮುಖ ತಿರುಗಿಸಿ ಅಜ್ಜಿಯ ಕತ್ತು ಹಿಡಿಯಿತು. ಭದ್ರಮ್ಮನಿಗೆ ಸಮಾಧಾನವಾಯಿತು. ಹಾಗೆ ಸಮಾಧಾನವಾದದ್ದಕ್ಕೆ ತುಸು ನಾಚಿಕೆಯೂ ಆಯಿತು.

ಪೀಣ್ಯದ ಎರಡನೇ ಹಂತದ ತಿರುವಿನಲ್ಲಿ ದಾಸಪ್ಪನ ಚಪ್ಪಲಿ ಅಂಗಡಿ. ಹಲಗೆಯ ಗೂಡು, ಮೇಲೆ ತಗಡು. ಅವನೇ ಅಟ್ಟೆ ಕತ್ತರಿಸಿ, ಬಾರು ಹೊಲಿದು, ಫ್ಯಾಕ್ಟರಿ ಹೆಂಗಸರಿಗೆ ಮಾರುತ್ತಿದ್ದ. ಒಂದು ಕಾಲದಲ್ಲಿ ಸಂಜೆ ಹೊತ್ತು ಅಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ. ಭದ್ರಮ್ಮ ಯಶವಂತಪುರಕ್ಕೆ ಹೋಗಬಹುದಿತ್ತು. ಇಲ್ಲಿಗೆ ಹತ್ತಿರ ಎಂದು ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಅವಳನ್ನು ಕಂಡ ದಾಸಪ್ಪನ ಕೈಯಲ್ಲಿದ್ದ ಉಳಿ ನಿಂತಿತು. ಅವನು ಎದ್ದು, "ಬನ್ನಿ ಅಮ್ಮಾವ್ರೆ," ಎಂದ.

ಬಾರು ಹೊಲಿಸಿಕೊಳ್ಳಲು ಕೂತಿದ್ದ ಮುನಿಯಕ್ಕ ಎಂಬ ಕಸ ಗುಡಿಸುವ ಹೆಂಗಸು ಮಾತ್ರ ಬಾಯಿ ತುಂಬ ಮಾತಾಡಿದಳು. "ಅಬ್ಬ, ದಾಸಪ್ಪನ ಅಂಗ್ಡೀಲಿ ಗಿರಾಕಿ! ನಾನೊಬ್ಳೇ ಏನೋ ಉಳ್ದಿರೋಳು ಅಂದ್ಕಂಡಿದ್ದೆ."

"ಈ ಹುಡ್ಗೀಗೆ ಒಂದು ಜೊತೆ ತೋರ್ಸು ದಾಸಪ್ಪ," ಎಂದಳು ಭದ್ರಮ್ಮ. "ಒಳ್ಳೇದು."

ಮೊದಲು ಬಂದದ್ದು ಕೆಂಪು ಬಾರಿನ, ತುಸು ಹಿಮ್ಮಡಿ ಎತ್ತರಿಸಿದ ಜೊತೆ. ಮಾರಕ್ಕ ಕಾಲನ್ನು ಸೆರಗಿನಿಂದ ಒರೆಸಿಕೊಂಡು ಒಳಕ್ಕೆ ತೂರಿಸಿದಳು. ಎರಡು ಹೆಜ್ಜೆ ನಡೆದಳು, ಕೆಸರಿನಲ್ಲಿ ಕೋಳಿ ನಡೆದ ಹಾಗೆ.

"ಎಂಗೈತೆ?"

"ಸರಿಗೈತೆ."

ಎರಡನೆಯದು ಕಪ್ಪು, ಚೂಪು ಮುಂಭಾಗದ್ದು. ಕಿರುಬೆರಳು ಹೊರಗೇ ಉಳಿಯಿತು. "ಸರಿಗೈತೆ." ಮೂರನೆಯದರಲ್ಲಿ ಹೆಬ್ಬೆರಳು ತೂರಿಸುವ ಉಂಗುಟ ಕಾಲುಂಗುರಕ್ಕೆ ಒತ್ತಿ, ಬೆರಳ ಬುಡ ಬಿಳಿಚಿಕೊಂಡಿತು. ಮಾರಕ್ಕ ತುಟಿ ಬಿಗಿಹಿಡಿದು, "ಇದೂ ಸರಿಗೈತೆ," ಎಂದಳು.

"ಏನವ್ವಾ, ಗಂಡು ನೋಡಾಕೆ ಬಂದಾಗ್ಲೂ ಇಂಗೇ ಎಲ್ಲಾರ್ಗೂ ಹೂಂ ಅಂದಿದ್ಯಾ?" ಎಂದು ನಕ್ಕ ಮುನಿಯಕ್ಕ ತನ್ನ ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋದಳು.

ದಾಸಪ್ಪ ಮೊಣಕಾಲೂರಿ ಕೂತು ಮಾರಕ್ಕನ ಪಾದ ಹಿಡಿದು ನೋಡಿದ. "ತಾಯಿ, ನನ್ತಾವ ಸುಳ್ಳು ಯೇಳಿದ್ರೆ ನಾನು ಕಾಸು ಈಸ್ಕಂಡು ಸುಮ್ಕಾಯ್ತೀನಿ. ಸುಳ್ಳು ಯೇಳಿದ ಕಾಲು ಊರ್ಗಂಟ ನಡೀಬೇಕಲ್ಲ."

ಭದ್ರಮ್ಮನಿಗೆ ಇದ್ದಕ್ಕಿದ್ದ ಹಾಗೆ ಸಿಟ್ಟು ಬಂತು. ನಿನ್ನೆಯಿಂದ ಹುಡುಕುತ್ತಿದ್ದ ಕೊರತೆ ಇಲ್ಲಿತ್ತು. "ಏನಮ್ಮಿ ನೀನು? ರಕ್ತ ಬರಂಗೆ ಒತ್ತುತಾ ಐತೆ, ಸರಿಗೈತೆ ಅಂತೀಯಲ್ಲ! ನಿನ್ನ ನೋವೇ ನಿಂಗೆ ಬಾಯಿಗೆ ಬರಾಕಿಲ್ಲ ಅಂದ್ರೆ, ಈ ಬಾಯಿ ಬಾರದ ಮಗೀಗೆ ನೋವಾದ್ರೆ ನಿಂಗೆ ಎಂಗೆ ತಿಳೀತೈತೆ? ನೋಯ್ತದಾ ಇಲ್ವಾ? ಯೇಳು!"

ಮಾರಕ್ಕ ನೆಲ ನೋಡುತ್ತ ನಿಂತಳು.

"ನೋಯ್ತದೆ ಕಣವ್ವ," ಎಂದಳು. ಒಂದು ಮಾತು ಬಂದದ್ದೇ ಉಳಿದದ್ದೂ ಬಂತು. "ಬೇಗೂರ್ನಾಗೆ ಅನುಸೂಯಕ್ಕನ ರವಿಕೆ ಕೊಟ್ರು, ತೋಳು ಬಿಗಿ. ಸರಿಗೈತೆ ಅಂದೆ. ಅಕ್ಕನ ಬಳೆ ಕೊಟ್ರು, ಕೈ ಸುಲ್ದು ಓಯ್ತು. ಸರಿಗೈತೆ ಅಂದೆ. ಇಲ್ಲ ಅಂದ್ರೆ ನಾನು ಅವ್ಳಂಗಿಲ್ಲ ಅಂತ ಎಲ್ಲಾರೂ ಸುಮ್ಕಾಗ್ಬುಡ್ತಾರೆ. ಅದ್ಕೆ." ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಮಗೀಗೆ ನೋವಾದ್ರೆ ನಂಗೆ ತಿಳೀತೈತೆ ಕಣವ್ವ."

ದಾಸಪ್ಪ ಒಂದು ರಟ್ಟಿನ ಚೂರು ಹಾಕಿ, ಅದರ ಮೇಲೆ ಅವಳನ್ನು ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲು ಓಡಿಸಿದ. ಎರಡು ಕಾಲಿಗೂ ಬೇರೆ ಬೇರೆ ಅಳತೆ ತೆಗೆದ. ಎಡಗಾಲು ಒಂದು ಕಡ್ಡಿಯಷ್ಟು ದೊಡ್ಡದಿತ್ತು. "ಈಗ ನಡ್ಕಂಡು ಬಂದು ಕಾಲು ಉಬ್ಬೈತೆ, ಒಳ್ಳೇದೇ ಆಯ್ತು. ತಣ್ಣಗಿರೋ ಕಾಲಿಗೆ ಚಪ್ಲಿ ತಗಂಡ್ರೆ ಸಂಜೆಗೆ ಕಚ್ತದೆ," ಎನ್ನುತ್ತ ಮೂಲೆಯಿಂದ ಅಗಲ ಮುಂಭಾಗದ, ಹಿಂದೆ ಪಟ್ಟಿಯಿದ್ದ ಒಂದು ಕಂದು ಜೊತೆ ತೆಗೆದ. ಉಂಗುಟವಿಲ್ಲ, ಬೆರಳುಗಳ ಮೇಲೆ ಅಡ್ಡಲಾಗಿ ಎರಡು ಬಾರು, ಅಷ್ಟೆ. ಬಾರು ಸಡಿಲಿಸಿ ತೊಡಿಸಿದ. ಮಾರಕ್ಕ ಈ ಸಲ ಅಂಗಡಿಯ ಮುಂದೆ ಲಾರಿ ನಿಲ್ಲುವ ಜಾಗದವರೆಗೂ ನಡೆದು ಹೋಗಿ ಬಂದು, "ಎಡಗಾಲಲ್ಲಿ ಇಲ್ಲಿ ಒಸಿ ಬಿಗಿ," ಎಂದು ಬೆರಳಿಟ್ಟು ತೋರಿಸಿದಳು.

"ಅಂಗನ್ನು ಮತ್ತೆ," ಎಂದ ದಾಸಪ್ಪ. ಬಾರು ಬಿಚ್ಚಿ ಹೊಸದಾಗಿ ಹೊಲಿಯಲು ಕೂತ.

ಭದ್ರಮ್ಮ ಬಲಗಾಲಿನದನ್ನು ಎತ್ತಿಕೊಂಡು ಅಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಬಗ್ಗಿಸಿದಳು. "ಇದ್ರೊಳಗೆ ಕಬ್ಬಿಣ ತೂರ್ತದಾ ದಾಸಪ್ಪ?"

ಅವನ ಸೂಜಿ ನಿಂತಿತು. ಆಮೇಲೆ ಕೂತಿದ್ದ ಹಲಗೆಯ ಕೆಳಗಿನಿಂದ ಒಂದು ಗೋಣಿಚೀಲದ ಸುರುಳಿ ತೆಗೆದು ಬಿಚ್ಚಿದ. ಒಳಗೆ ಒಂದು ಜೊತೆ ಹಳೆಯ ಚಪ್ಪಲಿ. ಅಟ್ಟೆಯ ಮೇಲೆ ಐದೈದು ಬೆರಳ ಗುಳಿ ಕಪ್ಪಗೆ ಮೂಡಿತ್ತು. ಭದ್ರಮ್ಮನ ಕೈ ಮಗುವಿನ ಬೆನ್ನ ಮೇಲೆ ಬಿಗಿಯಾಯಿತು.

"ನಿಮ್ಮಳಿಯ ಅವತ್ತು ನನ್ನ ಮಕಕ್ಕೆ ಎಸೆದ್ನಲ್ಲ, ಅದೇ ಜೊತೆ," ಎಂದ ದಾಸಪ್ಪ. "ಹಪ್ಪಳದಂಥ ಅಟ್ಟೆ ಮಾರಿ ನನ್ನ ಎಂಡ್ತೀನ ಕೊಂದೆ ಅಂದ. ಬೀದೀಲಿ ಐವತ್ತು ಜನ ಇದ್ರು. ನಾನು ಎದುರಾಡಾಕೆ ಓಗ್ನಿಲ್ಲ, ಸತ್ತೋರ ಮನೆಯೋರು. ಒಂದೇ ಮಾತು ಕೇಳ್ತೀನಿ ಅಮ್ಮಾವ್ರೆ. ಇದ್ನ ಬಿಸಿಲಿಗಿಡ್ದು ನೋಡಿವ್ನಿ, ನೀರ್ನಾಗೆ ಅದ್ದಿ ನೋಡಿವ್ನಿ. ತೂತು ಕಾಣಾಕಿಲ್ಲ. ಯಾವ ಕಡೆಯಿಂದ ತೂರ್ತು? ಗೊತ್ತಾದ್ರೆ ಮುಂದ್ಲ ಜೊತೆ ಆ ಜಾಗದಾಗೆ ಗಟ್ಟಿ ಮಾಡ್ತೀನಿ."

ಅನುಸೂಯ ಪೀಣ್ಯದಲ್ಲಿ ತಾಮ್ರದ ತಂತಿ ಸುತ್ತುವ ಕೆಲಸಕ್ಕೆ ಹೋಗುತ್ತಿದ್ದಳು. ಮಗುವನ್ನು ಬೆಳಿಗ್ಗೆ ಅಜ್ಜಿಯ ಹತ್ತಿರ ಬಿಟ್ಟು, ಸಂಜೆ ಲಗ್ಗೆರೆಗೆ ಬಂದು ಎತ್ತಿಕೊಂಡು ರಾಜಗೋಪಾಲನಗರದ ಬಾಡಿಗೆ ಮನೆಗೆ ಹೋಗುವಳು. ಮೊದಲ ಸಂಬಳದಲ್ಲಿ ಚಪ್ಪಲಿ ಕೊಂಡಿದ್ದಳು. ಚಾವಡಿಯ ಜಗಲಿಯಲ್ಲಿ ಕೂರುವ ಮುದುಕರು ಬೈರಪ್ಪನ ಮಗಳು ಮೆಟ್ಟು ಟಪಟಪ ಅನ್ನಿಸಿಕೊಂಡು ಎದುರಿಗೇ ಹೋಗುತ್ತಾಳೆ ಎಂದು ಆಡಿಕೊಂಡರು. ಒಂದು ಬೆಳಿಗ್ಗೆ ಅದು ಭದ್ರಮ್ಮನ ಕಿವಿಗೆ ಬಿತ್ತು. ಆ ಸಂಜೆ ಅನುಸೂಯ ನೆಟ್ಟಗೆ ನಡೆಯಲಾರದೆ ಬಂದಳು. ಹಿಮ್ಮಡಿಯಲ್ಲಿ ಕಬ್ಬಿಣದ ಸುರುಳಿ ಚುಚ್ಚಿದ ಸಣ್ಣ ತೂತು, ರಕ್ತವೂ ಹೆಚ್ಚು ಬಂದಿರಲಿಲ್ಲ. ಭದ್ರಮ್ಮ ಅರಿಶಿನ ಎಣ್ಣೆ ಕಾಯಿಸಿ ಹಾಕಿದಳು. ಎಂಟನೆಯ ದಿನ ಅನುಸೂಯಳ ದವಡೆ ಕಚ್ಚಿಕೊಂಡಿತು. ಧನುರ್ವಾಯು ಅಂದರು. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು, "ಕಾಲಿಗೆ ಏನೂ ಹಾಕಿರಲಿಲ್ವೇನಮ್ಮ?" ಎಂದು ಕೇಳಿದ್ದರು. ಪಕ್ಕದಲ್ಲಿ ಅಳಿಯ ನಿಂತಿದ್ದ. ಭದ್ರಮ್ಮ, "ಆಕಿದ್ಲು ಸಾರ್," ಎಂದಿದ್ದಳು. ಅಷ್ಟೇ ಮಾತು.

ಈಗ ಅವಳು ಮಾರಕ್ಕನ ಕಡೆ ನೋಡಿದಳು. ಒತ್ತುವುದನ್ನು ಒತ್ತುತ್ತದೆ ಎಂದು ಇದೀಗ ಹೇಳಿದ ಹುಡುಗಿ, ಕಣ್ಣು ಇನ್ನೂ ಒದ್ದೆ.

"ಎಲ್ಲಿಂದ್ಲೂ ತೂರ್ನಿಲ್ಲ ದಾಸಪ್ಪ," ಎಂದಳು ಭದ್ರಮ್ಮ. "ಅವಳು ಕಾಲಿಗೆ ಆಕಿರ್ನಿಲ್ಲ. ಕಂಕಳಲ್ಲಿ ಇಡ್ಕಂಡಿದ್ಲು. ಹಳ್ಳದ ತಾವ್ಲೇ ಬಿಚ್ಚಿ ಇಡ್ಕಂಡು ಬಾ, ನಮ್ಮ ಮರ್ವಾದೆ ತೆಗೀಬ್ಯಾಡ ಅಂತ ನಾನೇ ಯೇಳಿದ್ದೆ. ಅವತ್ತೇ ಯೇಳಿದ್ದು. ಅವತ್ತೇ ಮೊದಲ್ನೇ ಸಲ ಬಿಚ್ಚಿದ್ದು."

ದಾಸಪ್ಪ ಕೈಯಲ್ಲಿದ್ದ ಹಳೆಯ ಚಪ್ಪಲಿಯನ್ನು ಮೆಲ್ಲಗೆ ಕೆಳಗಿಟ್ಟ. "ಏಳು ತಿಂಗ್ಳು," ಎಂದ. ಅವನ ದನಿ ಏರಲಿಲ್ಲ. "ಕಸುಬು ಬಿಟ್ಬುಡು ಅಂತ ನಮ್ಮೆಂಗ್ಸು ಅಳ್ತಿದ್ಲು. ನಂಗೂ ಅಂಗೇ ಅನ್ನಿಸ್ತಿತ್ತು. ಒಂದು ಮಾತು ಸಾಕಾಗಿತ್ತಲ್ಲ ಅಮ್ಮಾವ್ರೆ. ಈ ಗೂಡಿನ ಮುಂದೆ ನಿಂತು ಒಂದು ಮಾತು."

ದಾಸಪ್ಪ ಮತ್ತೆ ಸೂಜಿ ಎತ್ತಿಕೊಂಡ. ಎಡಗಾಲಿನ ಬಾರನ್ನು ಅವಸರವಿಲ್ಲದೆ ಹೊಲಿದು, ಮಾರಕ್ಕನ ಕಾಲಿಗೆ ತೊಡಿಸಿ, ಬೆರಳು ಹಾಕಿ ಸಂದು ನೋಡಿ, ಇನ್ನೊಂದು ಹೊಲಿಗೆ ಹಾಕಿದ. ಭದ್ರಮ್ಮ ಎಲೆಯಡಿಕೆ ಚೀಲದಿಂದ ದುಡ್ಡು ತೆಗೆದು ಹಲಗೆಯ ಮೇಲಿಟ್ಟಳು. ಅವನು ಅದನ್ನು ಎತ್ತಿ ಡಬ್ಬಕ್ಕೆ ಹಾಕಿ, "ಇದು ಈ ಜೊತೆಗಾಯ್ತು," ಎಂದ.

ವಾಪಸು ಬರುವಾಗ ಮಾರಕ್ಕ ಜೊತೆಗೇ ನಡೆದಳು. ಹಳ್ಳದ ಹತ್ತಿರ ಬಂದಾಗ ಹೇಳಿದಳು: "ಅವ್ವ, ಮನೇಲಿ ಯೇಳ್ಬ್ಯಾಡ. ನಾನಂತೂ ಬಾಯಿ ಬುಡಾಕಿಲ್ಲ. ಅವ್ರ ಸಿಟ್ಟು ನಿಂಗೊತ್ತಿಲ್ಲ. ಮಗೀನ ಈ ಕಡೆಗೆ ತರಾಕೇ ಬುಡಾಕಿಲ್ಲ ಆಮ್ಯಾಕೆ."

ಪುಟ್ಟಿ ಅಜ್ಜಿಯ ಹೆಗಲ ಮೇಲೆ ನಿದ್ದೆಗೆ ಜಾರುತ್ತಿತ್ತು. ಅದರ ಬಾಯಿಂದ ಇಳಿದ ಜೊಲ್ಲು ಭದ್ರಮ್ಮನ ಕತ್ತಿನ ಮೇಲೆ ಬೆಚ್ಚಗೆ ಹರಿಯಿತು. ಹುಡುಗಿ ಹೇಳುತ್ತಿರುವುದು ನಿಜ ಎಂದು ಅವಳಿಗೆ ಗೊತ್ತಿತ್ತು. ಈ ಹುಡುಗಿ ಬಾಯಿ ಬಿಡುವವಳಲ್ಲ ಎಂಬುದೂ ಗೊತ್ತಿತ್ತು.

ಚಾವಡಿ ಕಂಡ ಕೂಡಲೇ ಮಾರಕ್ಕ ನಿಂತು, ಬಗ್ಗಿ, ಪಟ್ಟಿಗೆ ಕೈ ಹಾಕಿದಳು.

"ಬಿಚ್ಬ್ಯಾಡ," ಎಂದಳು ಭದ್ರಮ್ಮ.

ಜಗಲಿಯ ಮೇಲಿದ್ದ ಮುದುಕ ವೆಂಕಟಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. "ಏನ್ ಭದ್ರಮ್ಮ, ಹೊಸ ಮಗ್ಳು ಮೆಟ್ಟಿನ ಸಮೇತ ಮೆರವಣಿಗೆ ಬತ್ತಾವ್ಳೆ? ಕಾಲ ಕೆಟ್ಟೋಯ್ತಾ?"

"ಊಂ ಕಣಣ್ಣ. ಮೊದ್ಲೇ ಕೆಡ್ಬೇಕಾಗಿತ್ತು."

ಕಣದಲ್ಲಿ ಲಕ್ಷ್ಮಣಪ್ಪ ಹಳೆಯ ಗೆಳೆಯರನ್ನು ನೋಡಿಕೊಂಡು ಬಂದು ಮಾವನಿಗೆ ಹುಲ್ಲು ಒಟ್ಟಲು ಕೈ ಜೋಡಿಸಿದ್ದ. ಹೆಂಡತಿಯ ಕಾಲಿನ ಕಡೆ ನೋಡಿ, "ಎಲ್ಲಿ ತಗೊಂಡ್ರಿ?" ಎಂದ.

"ದಾಸಪ್ಪನ ಅಂಗ್ಡೀಲಿ," ಎಂದಳು ಭದ್ರಮ್ಮ. ಅವನ ಮುಖ ಗಂಟಿಕ್ಕಿಕೊಳ್ಳುವ ಮೊದಲೇ, ನಿಂತ ಕಡೆಯಿಂದಲೇ, ಅಂಗಡಿಯಲ್ಲಿ ಹೇಳಿದ್ದನ್ನು ಇನ್ನೊಮ್ಮೆ ಹೇಳಿದಳು. ಎರಡನೆಯ ಸಲ ಹೇಳುವುದು ಸುಲಭವಾಗಿರಲಿಲ್ಲ. ಡಾಕ್ಟರಿಗೆ ಹೇಳಿದ ಮಾತನ್ನೂ ಬಿಡಲಿಲ್ಲ.

ಬೈರಪ್ಪನಿಗೂ ಅದು ಗೊತ್ತಿರಲಿಲ್ಲ. ಅವನು ಮೆದೆಯ ಬುಡದಲ್ಲಿ ಕೂತುಬಿಟ್ಟ. ಎತ್ತುಗಳು ತಾವಾಗಿಯೇ ಒಂದು ಸುತ್ತು ಹೋಗಿ ನಿಂತವು.

"ಐವತ್ತು ಜನರ ಮುಂದೆ ಎಸೆದೆ ನಾನು," ಎಂದ ಲಕ್ಷ್ಮಣಪ್ಪ. ಆಮೇಲೆ, "ನಿಮ್ಮ ಪಕ್ಕದಲ್ಲೇ ನಿಂತಿದ್ನಲ್ಲ ಅತ್ತೆ." ಮೈಮೇಲಿನ ಹುಲ್ಲು ಕೊಡವಿಕೊಂಡು, ಮಾರಕ್ಕನ ಕಡೆ ತಿರುಗಿ, "ಮಗುವಿನ ಬಟ್ಟೆ ಕಟ್ಟು. ಮುಂಚಿನ ಬಸ್ಸಿಗೇ ಹೋಗೋಣ," ಎಂದ.

ಊಟಕ್ಕೆ ಅವನು ಕೂರಲಿಲ್ಲ. ಬೈರಪ್ಪ ಕಣ ಬಿಟ್ಟು ಏಳಲಿಲ್ಲ. ಭದ್ರಮ್ಮ ಸುಲಿದ ಅವರೆಕಾಳು ಒಂದು ಗಂಟು, ರಾಗಿಹಿಟ್ಟು ಒಂದು ಗಂಟು ಕಟ್ಟಿ ಮಾರಕ್ಕನ ಕೈಗೆ ಕೊಟ್ಟು, ಬಸ್ಸು ನಿಲ್ಲುವ ರಸ್ತೆಯವರೆಗೂ ಅವರ ಹಿಂದೆ ನಡೆದಳು. ಯುಗಾದಿಯ ಮಾತನ್ನು ಅವಳು ಎತ್ತಲೇ ಇಲ್ಲ.

ಎತ್ತಿದವಳು ಮಾರಕ್ಕ. "ಯುಗಾದಿಗೆ ಬರ್ತೀವಿ ಕಣವ್ವ," ಎಂದು ಗಂಡನ ಮುಖ ನೋಡಿದಳು. ಅವನು ಬಸ್ಸು ಬರುವ ಕಡೆಗೆ ನೋಡುತ್ತಿದ್ದ.

ಬಸ್ಸು ಬಂತು. ಅಜ್ಜಿಯ ಹೆಗಲಿಂದ ಮಾರಕ್ಕನ ಕೈಗೆ ಬದಲಾಯಿಸುವಾಗ ಮಗುವಿಗೆ ಎಚ್ಚರವಾಯಿತು. ಅತ್ತೀತು ಎಂದು ಭದ್ರಮ್ಮ ಕಾದಳು. ಪುಟ್ಟಿ ಅಳಲಿಲ್ಲ. ಅಷ್ಟು ದೊಡ್ಡ ಕೆಂಪು ಬಸ್ಸನ್ನು ಅಷ್ಟು ಹತ್ತಿರದಿಂದ ಅದು ನೋಡಿರಲಿಲ್ಲ. ಮಾರಕ್ಕನ ಕತ್ತು ಹಿಡಿದು, ಬಾಯಿ ತೆರೆದು ಬಸ್ಸನ್ನೇ ನೋಡುತ್ತಿತ್ತು. ಕಿಟಕಿಯ ಹತ್ತಿರ ಕೂರಿಸಿದಾಗ ಸರಳು ಹಿಡಿದು ಕುಣಿಯಿತು. ಮಾರಕ್ಕ ಅದರ ಗಲ್ಲ ಹಿಡಿದು ಹೊರಗಿದ್ದ ಅಜ್ಜಿಯನ್ನು ತೋರಿಸುವಷ್ಟರಲ್ಲಿ ಬಸ್ಸು ತಿರುವಿಗೆ ಹೋಗಿತ್ತು.

ಭದ್ರಮ್ಮ ನಿಂತೇ ಇದ್ದಳು. ಅಲ್ಲೇ ರಸ್ತೆ ಬದಿಯ ಗೊಬ್ಬಳಿ ಮರದ ಹತ್ತಿರ ಬಿಸಿಲು ಇಳಿಯುವವರೆಗೂ ನಿಂತಿದ್ದಿರಬೇಕು. ಎಲ್ಲೋ ಸೈರನ್ನು ಕೂಗಿತು. ಫ್ಯಾಕ್ಟರಿಯ ಗೇಟು ತೆರೆದು ಹೆಂಗಸರು ಬರತೊಡಗಿದರು. ಮೊದಲು ನಾಲ್ಕೈದು ಜನ, ಆಮೇಲೆ ರಸ್ತೆಯ ಅಗಲಕ್ಕೂ. ಟಿಫನ್ ಡಬ್ಬಿ, ಮುಡಿಯಲ್ಲಿ ಬಾಡಿದ ಹೂವು, ನಗು, ಬೈಗುಳ. ಕೆಳಗೆ ನೂರಾರು ಚಪ್ಪಲಿಗಳ ಸದ್ದು. ಭದ್ರಮ್ಮ ಮುಖಗಳನ್ನು ನೋಡಲಿಲ್ಲ. ಹಾದುಹೋಗುವ ಒಂದೊಂದು ಕಾಲನ್ನೂ ನೋಡಿದಳು.

ಒಬ್ಬ ಹುಡುಗಿ ನಿಂತು ಕೇಳಿದಳು: "ಯಾರನ್ನ ಕಾಯ್ತಿದ್ದೀಯಜ್ಜಿ?"

"ಯಾರೂ ಇಲ್ಲ ಕಣವ್ವ," ಎಂದಳು ಭದ್ರಮ್ಮ. "ನೀವೆಲ್ಲ ದಾಟ್ಕಳ್ಳಿ ಅಂತ ನಿಂತಿವ್ನಿ."

ಹುಡುಗಿ ಓಡಿ ಗುಂಪು ಸೇರಿಕೊಂಡಳು. ಎಲ್ಲರೂ ಹೋದ ಮೇಲೆ, ಎದ್ದ ಧೂಳು ರಸ್ತೆಯ ಮೇಲೆ ಮೆಲ್ಲಗೆ ಕೂರತೊಡಗಿತು. ಅದು ಪೂರ್ತಿ ಕೂರುವವರೆಗೂ ಕಾದು, ಭದ್ರಮ್ಮ ಆ ಕಡೆಗೆ ದಾಟಿದಳು.